ಹತ್ತು ಸಾವಿರ ಅಡಿ ಮೇಲೆ ಹೋಗಿ ಬಂದದ್ದು

ಮೊನ್ನೆ ಇಂದಿರಾನಗರದ ಒಂದು ಅಂಗಡಿಗೆ ಮಳೆಕೋಟು ಕೊಳ್ಳಲು ಹೋಗಿದ್ದೆ. ಅಂಗಡಿಯಾಕೆ ಪ್ಲಾಸ್ಟಿಕ್ ಚೀಲ ಹರಿದು, ಕೋಟನ್ನು ಟಪ್ಪನೆ ಕೊಡವಿ ನನ್ನ ಮುಂದೆ ಹಿಡಿದರು. ಹೊಸ ನೈಲಾನಿನ ವಾಸನೆ ಮೂಗಿಗೆ ಬಡಿಯಿತು. ಕೈ ತಾನಾಗಿಯೇ ಹೋಗಿ ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಸರ್, ನೀರು ಬೇಕಾ?" ಎಂದು ಆಕೆ ಗಾಬರಿಯಾದರು.

"ಬೇಡಮ್ಮ, ಸೈಜ್ ನೋಡ್ತಿದೀನಿ ಅಷ್ಟೇ," ಎಂದೆ. ಕೌಂಟರ್ ಹಿಡಿದುಕೊಂಡು ಕೋಟಿನ ಸೈಜ್ ನೋಡುವ ಗಿರಾಕಿಯನ್ನು ಆಕೆ ಅದೇ ಮೊದಲ ಸಲ ಕಂಡಿರಬೇಕು.

ನಿಮಗೆ ಹೊಸ ನೈಲಾನ್ ಎಂದರೆ ಜೂನ್ ತಿಂಗಳು, ಶಾಲೆಯ ಹೊಸ ಚೀಲ ನೆನಪಾಗಬಹುದು. ನನಗೆ ನಯಾಜ್ ನೆನಪಾಗುತ್ತಾನೆ. ಅವನ ಹಿಂದೆಯೇ ಆಕಾಶದ ನಡುಮಧ್ಯೆ ತೆರೆದುಕೊಂಡ ಒಂದು ಬಾಗಿಲೂ ನೆನಪಾಗುತ್ತದೆ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಸರಿಯಾಗಿ ಅರ್ಥವಾಗುವುದಿಲ್ಲ. ನನಗೆ ಎತ್ತರವೆಂದರೆ ಭಯ. ಸಾಧಾರಣ ಭಯ ಅಂದುಕೊಳ್ಳಬೇಡಿ. ಹಲಸೂರಿನ ಹತ್ತಿರದ ನಮ್ಮ ವಿಮಾ ನೌಕರರ ಕಾಲೊನಿಯಲ್ಲಿ ಮನೆ ಹಂಚುವಾಗ ಎಲ್ಲರೂ ಗಾಳಿ ಬೆಳಕು ಎಂದು ಮೂರನೇ ಮಹಡಿಗೆ ಮುಗಿಬಿದ್ದರೆ, ನಾನು ಚರಂಡಿಯ ಪಕ್ಕದ ನೆಲಮಹಡಿಯನ್ನು ಕೇಳಿ ಪಡೆದವನು. ಮನೆಯಲ್ಲಿ ಬಲ್ಬ್ ಹೋದರೆ ಸ್ಟೂಲ್ ಹತ್ತುವವಳು ನನ್ನ ಹೆಂಡತಿ ವಿಮಲಾ. ನಾನು ಕೆಳಗೆ ನಿಂತು ಸ್ಟೂಲ್ ಹಿಡಿದುಕೊಳ್ಳುತ್ತೇನೆ. ಅದನ್ನು ನೋಡಿದವರು ಎಂಥ ಕಾಳಜಿಯ ಗಂಡ ಎಂದುಕೊಳ್ಳುತ್ತಾರೆ. ಮೆಟ್ರೋ ಬಂದ ಮೇಲೆ ಹಲಸೂರು ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಗೋಡೆಗೆ ಬೆನ್ನು ಅಂಟಿಸಿಕೊಂಡು ನಿಲ್ಲುವ ಮನುಷ್ಯನನ್ನು ನೀವು ಕಂಡಿದ್ದರೆ, ಅದು ಬಹುಶಃ ನಾನೇ.

ಇಂಥವನ ಗೆಳೆಯ ನಯಾಜ್.

ಅವನ ಅಂಗಡಿ ಇದ್ದದ್ದು ಕಮರ್ಷಿಯಲ್ ಸ್ಟ್ರೀಟ್‌ನಿಂದ ಶಿವಾಜಿನಗರದ ಕಡೆಗೆ ಹೊರಳುವ ಒಂದು ಗಲ್ಲಿಯಲ್ಲಿ. ಅಂಗಡಿ ಎಂದರೆ ಎರಡು ದೊಡ್ಡ ಅಂಗಡಿಗಳ ನಡುವೆ ಯಾರೋ ಮರೆತುಬಿಟ್ಟ ಸಂದು. ಅಗಲ ನಾಲ್ಕಡಿ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಒಂದು ಸ್ಟೂಲ್. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ, ಆಲ್ಟರೇಷನ್ ಮಾತ್ರ. ದೊಡ್ಡ ಅಂಗಡಿಗಳಲ್ಲಿ ಜನ ಕೊಂಡ ಉದ್ದದ ಪ್ಯಾಂಟನ್ನು ಗಿಡ್ಡ ಮಾಡುವುದು, ಅಗಲದ ಅಂಗಿಯನ್ನು ಸಣ್ಣ ಮಾಡುವುದು, ಕೆಟ್ಟ ಜಿಪ್ ಬದಲಿಸುವುದು. ಮೂವತ್ತು ವರ್ಷ ಅವನು ಅಲ್ಲಿ ಬಗ್ಗಿ ಕೂತಿದ್ದ.

ನಮ್ಮಿಬ್ಬರ ಸ್ನೇಹ ಬೆಳೆದದ್ದು ನನ್ನ ಸೊಂಟದ ಮೂಲಕ. ಮದುವೆಯಾದ ಹೊಸದರಲ್ಲಿ ಪ್ಯಾಂಟಿನ ಸೊಂಟ ಒಂದಿಂಚು ಬಿಡಿಸಲು ಹೋದೆ. ಆಮೇಲೆ ಎರಡು ವರ್ಷಕ್ಕೊಮ್ಮೆ ಹೋಗತೊಡಗಿದೆ. ಟೇಪು ಹಿಡಿದು ನನ್ನನ್ನು ಸುತ್ತುವಾಗ ಅವನು ಎಂದೂ ಅಂಕಿಯನ್ನು ಜೋರಾಗಿ ಹೇಳುತ್ತಿರಲಿಲ್ಲ. ಹೋದ ಸಲದ ಗುರುತಿನ ಮೇಲೆ ಬೆರಳಿಟ್ಟು, ಈ ಸಲದ್ದಕ್ಕೆ ಜಾರಿಸಿ, "ಮಾಶಾ ಅಲ್ಲಾ, ಮನೇಲಿ ಚೆನ್ನಾಗಿ ನೋಡ್ಕೋತಿದಾರೆ," ಎನ್ನುತ್ತಿದ್ದ. ಗಿರಾಕಿಯ ಮರ್ಯಾದೆ ಕಾಯುವುದು ಅವನಿಗೆ ಕೈಗೆ ಬಂದಿದ್ದ ಕಸುಬು. ನನ್ನ ಆಫೀಸು ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಬರಬರುತ್ತಾ ಪ್ಯಾಂಟಿಲ್ಲದೆಯೂ ಹೋಗತೊಡಗಿದೆ. ತಪ್ಪು ತಿಳಿಯಬೇಡಿ, ಬಿಡಿಸಬೇಕಾದ ಪ್ಯಾಂಟಿಲ್ಲದೆಯೂ ಎಂದರ್ಥ. ಸಂಜೆ ಐದೂವರೆಗೆ ಅವನ ಸ್ಟೂಲಿನ ಮೇಲೆ ಕೂತು, ಎದುರಿನ ಸೆಲ್ವಂ ಅಂಗಡಿಯಿಂದ ಟೀ ತರಿಸಿ ಕುಡಿಯುವುದು ಇಬ್ಬರಿಗೂ ಅಭ್ಯಾಸವಾಯಿತು. 'ಸಾರ್' ಎನ್ನುತ್ತಿದ್ದವನು 'ಗುರು' ಎನ್ನತೊಡಗಿದ.

ಐದಾರು ವರ್ಷದ ಹಿಂದೆ ಒಂದು ಸಂಜೆ ಅವನಿಗೊಂದು ಪಾಲಿಸಿ ಮಾಡಿಸಲು ಅರ್ಜಿ ಹಿಡಿದು ಹೋದೆ. ಅವನು ಗುಂಡಿ ಹಾಕುತ್ತಿದ್ದ, ನಾನು ಪ್ರಶ್ನೆಗಳನ್ನು ಓದುತ್ತಿದ್ದೆ. ಸಕ್ಕರೆ ಕಾಯಿಲೆ ಇದೆಯೇ? ಇಲ್ಲ. ರಕ್ತದೊತ್ತಡ? ಇಲ್ಲ. ಆಪರೇಷನ್ ಆಗಿದೆಯೇ? ಇಲ್ಲ. ಆಮೇಲಿನ ಪ್ರಶ್ನೆ ಅಪಾಯಕರ ಹವ್ಯಾಸಗಳದ್ದು. ಪರ್ವತಾರೋಹಣ, ಧುಮುಕುಕೊಡೆ ಇತ್ಯಾದಿ. ಇಪ್ಪತ್ತೈದು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನು ಯಾರಿಗೂ ಓದಿ ಹೇಳಿದ್ದೇ ಇಲ್ಲ. ನಮ್ಮ ಶಾಖೆಗೆ ಬರುವವರಲ್ಲಿ ಪರ್ವತ ಹತ್ತುವವರು ಯಾರು? ಉಸಿರೂ ತೆಗೆದುಕೊಳ್ಳದೆ 'ಇಲ್ಲ' ಎಂದು ಬರೆದು ಮುಂದೆ ಹೋಗುವುದು ನನ್ನ ಪದ್ಧತಿ. ಅಂದು ಅದೇಕೋ ಜೋರಾಗಿ ಓದಿಬಿಟ್ಟೆ.

"ಧುಮುಕುಕೊಡೆ ಅಂದ್ರೆ?" ಎಂದ ನಯಾಜ್.

"ಪ್ಯಾರಾಚೂಟ್. ಇಲ್ಲ ಅಂತ ಹಾಕ್ತೀನಿ ಬಿಡು."

"ನಕ್ಕೋ ನಕ್ಕೋ, ಇಲ್ಲ ಅಂತ ಬೇಡ. ಹೌದು ಅಂತ ಹಾಕು." ದಾರವನ್ನು ಹಲ್ಲಿನಲ್ಲಿ ಕಡಿದು ಹೇಳಿದ. "ಏಳು ಸಲ ಆಗಿದೆ."

ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನು ಮೇಜಿನ ಕೆಳಗಿನಿಂದ ಫೋನ್ ತೆಗೆದು ಒಂದು ಚಿತ್ರ ತೋರಿಸಿದ. ಬರೀ ನೀಲಿ. ಅದರ ಮಧ್ಯೆ ಕೈಕಾಲು ಚಾಚಿಕೊಂಡು, ಕೆನ್ನೆಗಳು ಕಿವಿಯವರೆಗೆ ಹಾರಿಹೋಗಿದ್ದ, ಗಡ್ಡ ಎರಡಾಗಿ ಸೀಳಿದ್ದ ನಯಾಜ್. ನನ್ನ ಕೈಯಿಂದ ಪೆನ್ನು ಬಿತ್ತು.

ಆಗಿದ್ದು ಇಷ್ಟು. ಯಾರೋ ಒಬ್ಬರು ಜಂಪ್‌ಸೂಟ್ ಹೊಲಿಸಲು ತಂದಿದ್ದರಂತೆ. ಆಕಾಶದಿಂದ ಧುಮುಕುವವರು ಹಾಕಿಕೊಳ್ಳುವ, ಕುತ್ತಿಗೆಯಿಂದ ಪಾದದವರೆಗೆ ಒಂದೇ ತುಂಡಿನ ನೈಲಾನ್ ಉಡುಪು ಅದು. ಅವರು ಮುಳ್ಳುಗಿಡದ ಮೇಲೆ ಇಳಿದು ಹಿಂಭಾಗವೆಲ್ಲ ಹರಿದುಕೊಂಡಿದ್ದರು. ನಯಾಜ್ ಹೊಲಿದ ರೀತಿ ನೋಡಿ, ಮೈಸೂರು ರಸ್ತೆಯಲ್ಲಿ ಮೂರು ಗಂಟೆ ದೂರದಲ್ಲಿದ್ದ ಅವರ ಕ್ಯಾಂಪಿನವರು ಎಲ್ಲ ಸೂಟುಗಳನ್ನೂ ಇವನಿಗೇ ಕಳಿಸತೊಡಗಿದರು. ಒಂದು ದಿನ ಹೊಲಿದದ್ದನ್ನು ಕೊಡಲು ತನ್ನ ಹಳೇ ವ್ಯಾನಿನಲ್ಲಿ ಹೋದವನು ತಲೆಯೆತ್ತಿ ನೋಡಿದ. ಕೂಲಿಯ ಬದಲು ಜಿಗಿತ ಕೊಡಿ ಎಂದು ಕೇಳಿದ. ಮೊದಮೊದಲು ಮಾಸ್ತರರ ಎದೆಗೆ ಕಟ್ಟಿಸಿಕೊಂಡು ಧುಮುಕಿದ, ಆಮೇಲೆ ಕಲಿತು ಒಬ್ಬನೇ.

"ಯಾಕಯ್ಯಾ?" ಎಂದೆ. ನನಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಅವನು ಎರಡು ಕೈಗಳನ್ನೂ ಚಾಚಿದ. ಎರಡು ಕಡೆಯೂ ಅಂಗಡಿಯ ಗೋಡೆ ತಾಗಿತು. "ನೋಡು," ಎಂದ. "ಇಷ್ಟೇ ಜಾಗ. ಅಲ್ಲಿ ಕೈ ಚಾಚಿದ್ರೆ ಏನೂ ಸಿಗಲ್ಲ ಗುರು."

ಅರ್ಜಿಯಲ್ಲಿ 'ಹೌದು' ಎಂದು ಬರೆದೆ. ನಮ್ಮ ಶಾಖೆಯಲ್ಲಿ ಅದು ಚರ್ಚೆಯ ವಿಷಯವಾಯಿತು. ಮ್ಯಾನೇಜರ್ ನನ್ನನ್ನು ಕರೆದು, "ಕೈ ತಪ್ಪಿ ಬರೆದ್ರಾ?" ಎಂದು ವಿಚಾರಿಸಿದರು.

ಆ ದಿನದಿಂದ ನಯಾಜ್ ನನ್ನ ತಲೆ ತಿನ್ನತೊಡಗಿದ. ಒಂದು ವರ್ಷ ತಿಂದ. ನೀನು ಒಬ್ಬನೇ ಧುಮುಕಬೇಕಿಲ್ಲ, ಮಾಸ್ತರರು ಹಿಂದೆ ಇರುತ್ತಾರೆ, ನೀನು ಸಾಮಾನಿನ ಹಾಗೆ ಇದ್ದರೆ ಸಾಕು ಎಂದ. ಸಾಮಾನಿನ ಹಾಗೆ ಇರುವುದು ನನಗೆ ಆಫೀಸಿನಲ್ಲಿ ಅಭ್ಯಾಸವಿತ್ತು. ಕೊನೆಗೊಂದು ದಿನ ನಾನು ಹೋದಾಗ ಟೇಪು ಹಿಡಿದು, ನಾನು ಏನು ಎತ್ತ ಎನ್ನುವುದರೊಳಗೆ ಭುಜ, ಎದೆ, ತೋಳು ಎಲ್ಲ ಅಳೆದುಬಿಟ್ಟ. ಮುಂದಿನ ವಾರ ಒಂದು ಜಂಪ್‌ಸೂಟ್ ಸಿದ್ಧವಾಗಿತ್ತು. ಕಡುನೀಲಿ, ಬದಿಗಳಲ್ಲಿ ಕೆಂಪು ಪಟ್ಟಿ. ಮೂವತ್ತು ವರ್ಷ ಆಲ್ಟರೇಷನ್ ಮಾತ್ರ ಮಾಡಿದ ಮನುಷ್ಯ ಮೊದಲ ಸಲ ಒಂದು ಹೊಸ ಬಟ್ಟೆ ಹೊಲಿದಿದ್ದ, ಅದೂ ನನಗೆ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಂಗಡಿಯ ಪರದೆಯ ಹಿಂದೆ ಹಾಕಿಕೊಂಡು ಹೊರಬಂದಾಗ ಎದುರಿನ ಸೆಲ್ವಂ, "ಸೂಪರ್ ಸಾರ್, ಪೆಟ್ರೋಲ್ ಬಂಕ್ ಓಪನ್ ಮಾಡ್ತಿದೀರಾ?" ಎಂದು ಕೇಳಿದ.

ವಿಮಲಾಗೆ ಸಹೋದ್ಯೋಗಿಯ ಮಗಳ ಮದುವೆ ಎಂದು ಹೇಳಿ ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟೆ. ಅವಳು ಉಡುಗೊರೆಗೆಂದು ಒಂದು ಸ್ಟೀಲ್ ಡಬ್ಬಿಗಳ ಸೆಟ್ ಕೊಟ್ಟು ಕಳಿಸಿದಳು. ಹೀಗೆ ನಾನು ತೊಡೆಯ ಮೇಲೆ ಐದು ಸ್ಟೀಲ್ ಡಬ್ಬಿ ಇಟ್ಟುಕೊಂಡು ಆಕಾಶದಿಂದ ಧುಮುಕಲು ಹೋದೆ.

ಕ್ಯಾಂಪಿನಲ್ಲಿ ತೂಕ ನೋಡಿದರು, ಕಾಗದಗಳಿಗೆ ಸಹಿ ಹಾಕಿಸಿಕೊಂಡರು. ಜೀವನವಿಡೀ ಬೇರೆಯವರ ಕೈಲಿ ಸಹಿ ಹಾಕಿಸಿದವನು ನಾನು. ಅಂದು ಮೊದಲ ಬಾರಿಗೆ ಸಣ್ಣ ಅಕ್ಷರಗಳನ್ನು ಓದಿದೆ, ಓದಬಾರದಿತ್ತು. ನನ್ನ ಪಾಲಿಗೆ ಬಂದ ಮಾಸ್ತರರು ಪಂಜಾಬಿನ ಕಡೆಯವರು, ಬಾಗಿಲಷ್ಟು ಅಗಲದ ಮನುಷ್ಯ. ಧುಮುಕುವಾಗ ತಲೆ ಹಿಂದಕ್ಕೆ, ಕಾಲು ಹಿಂದಕ್ಕೆ, ಮೈಯನ್ನು ಬಾಳೆಹಣ್ಣಿನ ಹಾಗೆ ಬಾಗಿಸಬೇಕು ಎಂದು ಹಿಂದಿಯಲ್ಲಿ ಹೇಳಿದರು. ಹುಲ್ಲಿನ ಮೇಲೆ ಬೋರಲು ಮಲಗಿಸಿ ಅಭ್ಯಾಸ ಮಾಡಿಸಿದರು. ನಯಾಜ್ ಪಕ್ಕದಲ್ಲಿ ನಿಂತು, "ಹಣ್ಣಾಗಿದೆ ಗುರು, ಬಾಗ್ತಿಲ್ಲ ಅಷ್ಟೇ," ಎಂದ.

ವಿಮಾನದಲ್ಲಿ ಪೈಲಟ್ಟಿನದು ಬಿಟ್ಟರೆ ಸೀಟುಗಳೇ ಇರಲಿಲ್ಲ, ನೆಲದ ಮೇಲೆ ಮಂಡಿ ಮಡಚಿ ಕೂರಬೇಕು. ಪೈಲಟ್, ನಯಾಜ್, ನಾನು, ನನ್ನ ಬೆನ್ನಿಗೆ ಪಟ್ಟಿಗಳಿಂದ ಬಿಗಿದುಕೊಂಡ ಮಾಸ್ತರರು. ಹತ್ತು ಸಾವಿರ ಅಡಿಗೆ ಹೋದ ಮೇಲೆ ಬಾಗಿಲು ತೆರೆದರು. ಆ ಸದ್ದನ್ನು ನಿಮಗೆ ಹೇಗೆ ಹೇಳಲಿ? ಇಡೀ ಆಕಾಶ ಒಳಗೆ ನುಗ್ಗಿ ಎಲ್ಲರನ್ನೂ ಹೊರಗೆ ಹೋಗಿ ಎಂದು ಕಿರುಚಿದ ಹಾಗಿತ್ತು. ನಯಾಜ್ ಬಾಗಿಲ ಬಳಿ ಜರುಗಿ, ನನ್ನ ಕಡೆ ತಿರುಗಿ, "ಕೆಳಗೆ ಟೀ ಹೇಳಿರ್ತೀನಿ, ಬಾ," ಎಂದು ಕೂಗಿದ. ಮರುಕ್ಷಣ ಅವನಿದ್ದ ಜಾಗದಲ್ಲಿ ಅವನಿರಲಿಲ್ಲ. ಪಕ್ಕದ ಅಂಗಡಿಗೆ ಹೋದಷ್ಟು ಸುಲಭವಾಗಿ ಹೋಗಿಬಿಟ್ಟಿದ್ದ.

ಮಾಸ್ತರರು ನನ್ನನ್ನು ಬಾಗಿಲ ಕಡೆಗೆ ತಳ್ಳತೊಡಗಿದರು. "ರೆಡಿ ಸರ್?"

ನಾನು ಪೈಲಟ್ಟಿನ ಸೀಟಿನ ಕಾಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತು ಇದು: "ಇಲ್ಲ ಸಾರ್, ನಂಗೆ ಬೇರೆ ಕೆಲಸ ಇದೆ."

ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಪೂರ್ತಿ ಅರ್ಥವಾಯಿತು. ಬಾಗಿಲು ಮುಚ್ಚಿದರು.

ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದೆ. ನಯಾಜ್ ಪ್ಯಾರಾಚೂಟನ್ನು ಬಗಲಲ್ಲಿ ಮುದ್ದೆ ಮಾಡಿಕೊಂಡು, ತಲೆಯೆತ್ತಿ, ಎರಡನೇ ಪ್ಯಾರಾಚೂಟಿಗಾಗಿ ಆಕಾಶವನ್ನೆಲ್ಲ ಹುಡುಕುತ್ತಿದ್ದ. ಆಮೇಲೆ ನಮ್ಮ ವಿಮಾನವನ್ನು ಕಂಡ. ಓಡಿ ಬಂದ. ಅಲ್ಲಿ ಮಾರತ್ತಹಳ್ಳಿಯ ಕಡೆಯಿಂದ ಬಂದಿದ್ದ ನಾಲ್ಕೈದು ಜನ ತಮ್ಮ ಸರದಿಗೆ ಕಾಯುತ್ತಿದ್ದರು. ನಾನು ಇಳಿಯುವ ಮುಂಚೆಯೇ ನಯಾಜ್ ಅವರಿಗೆ ಜೋರಾಗಿ ಹೇಳಿದ: "ಪಾಪ, ಇವರು ರೆಡಿನೇ ಇದ್ರು. ಮೇಲೆ ಗಾಳಿ ಸರಿ ಇಲ್ಲ."

ಅದೇ ಗಾಳಿಯಲ್ಲಿ ಐದು ನಿಮಿಷದ ಹಿಂದೆ ತೇಲಿಕೊಂಡು ಬಂದವನು ಅವನು. ಕೂದಲು ಇನ್ನೂ ನೆಟ್ಟಗೆ ನಿಂತಿತ್ತು.

ವಾಪಸ್ ಬರುವಾಗ ಮದ್ದೂರಿನಲ್ಲಿ ವ್ಯಾನ್ ನಿಲ್ಲಿಸಿದೆವು. ಅಲ್ಲಿ ವಡೆ ತಿನ್ನುವಾಗ, "ಮರ್ಯಾದೆ ಹೋಯ್ತು ನಯಾಜ್," ಎಂದೆ.

"ಏನು ಹೋಯ್ತು? ವಿಮಾನದಲ್ಲಿ ಹತ್ತಿದೆ, ವಿಮಾನದಲ್ಲೇ ಇಳಿದೆ. ಎಲ್ಲರೂ ಅರ್ಧದಾರೀಲಿ ಬಿಟ್ಟು ಹೋಗ್ತಾರೆ, ಪಾಪ. ನೀನೊಬ್ಬ ವಿಮಾನದ ಮರ್ಯಾದೆ ಉಳಿಸಿದೆ." ಇನ್ನೊಂದು ವಡೆ ನನ್ನ ತಟ್ಟೆಗೆ ಹಾಕಿದ. "ಆ ಡಬ್ಬಿ ಏನ್ಮಾಡ್ತೀಯ?"

ಡಬ್ಬಿಗಳನ್ನು ಅವನ ಮನೆಗೇ ಕೊಟ್ಟೆ.

ನಾನು ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಸೋಮವಾರ ಸಂಜೆ ಗಲ್ಲಿಗೆ ಹೋದರೆ ಸೆಲ್ವಂ ನನ್ನನ್ನು ಕಂಡು ಟೀ ಸೋಸುವುದನ್ನು ನಿಲ್ಲಿಸಿ ಕೈಮುಗಿದ. ಪಕ್ಕದ ಬಳೆ ಅಂಗಡಿಯವರು ಎದ್ದು ನಿಂತರು. ಯಾರೋ ನನ್ನ ಬೆನ್ನು ತಟ್ಟಿ, "ಈ ವಯಸ್ಸಲ್ಲಿ!" ಎಂದರು. ನಾನು ನಯಾಜನನ್ನು ಪರದೆಯ ಹಿಂದಕ್ಕೆ ಎಳೆದೆ.

"ಯಾಕಯ್ಯಾ ಸುಳ್ಳು ಹೇಳ್ದೆ?"

"ಅಲ್ಲಾ ಕಸಮ್, ಒಂದು ಸುಳ್ಳಿಲ್ಲ. ನಾನು ಹೇಳಿದ್ದು ಇಷ್ಟೇ: ಸಾರು ಹತ್ತು ಸಾವಿರ ಅಡಿ ಮೇಲೆ ಹೋದ್ರು, ಕೆಳಗೆ ಬಂದ್ರು. ಇದ್ರಲ್ಲಿ ಸುಳ್ಳು ಎಲ್ಲಿದೆ ತೋರ್ಸು."

ಯೋಚಿಸಿದೆ. ಸುಳ್ಳು ಸಿಗಲಿಲ್ಲ. ಇಪ್ಪತ್ತೈದು ವರ್ಷ ವಿಮೆಯ ಕರಾರುಗಳನ್ನು ಓದಿದ ನನಗೇ ಸಿಗಲಿಲ್ಲ.

ಒಂದು ತಿಂಗಳ ನಂತರ ವಿಮಲಾ ಸೀರೆಗೆ ಫಾಲ್ಸ್ ಹಾಕಿಸಲು ಆ ಕಡೆ ಹೋಗಿ, ಸೆಲ್ವಂ ಬಾಯಿಂದ ಸಮಾಚಾರ ಕೇಳಿಕೊಂಡು ಬಂದಳು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸ್ಟೀಲ್ ಡಬ್ಬಿಗಳ ವಿಷಯವೂ ಅದರಲ್ಲಿ ಸೇರಿತ್ತು. ನಿಜ ಹೇಳಿಬಿಡೋಣ ಎಂದು ಮೂರನೆಯ ದಿನ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕಾಫಿ ತಂದಿಟ್ಟು, "ನೀವು ಬಲ್ಬ್ ಹಾಕೋಕೂ ಹತ್ತದವರು. ಒಳಗೆ ಇಷ್ಟೊಂದು ಇತ್ತಾ ರೀ?" ಎಂದಳು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ನೆನಪಿಲ್ಲ. ನಾನು ಕಾಫಿ ಕುಡಿದೆ. ಬಾಯಿ ಮುಚ್ಚಿತು.

ಅವಳು ಕಾಲೊನಿಗೆಲ್ಲ ಹೇಳಿದಳು. ಕಾಲೊನಿಯವರು ಗಣೇಶೋತ್ಸವದಲ್ಲಿ ನನಗೆ ಶಾಲು ಹೊದಿಸಿದರು. ಸಾಹಸದ ಬಗ್ಗೆ ನಾಲ್ಕು ಮಾತಾಡಿ ಎಂದು ಮೈಕ್ ಕೊಟ್ಟರು. ನಾನು ಭಯದ ಬಗ್ಗೆ ಮಾತಾಡಿದೆ, ಅದರಲ್ಲಿ ನನಗೆ ಅನುಭವವಿತ್ತು. ತುಂಬ ಚೆನ್ನಾಗಿ ಬಂತು ಎಂದು ಆಮೇಲೆ ಹಲವರು ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಯಾವುದೋ ಕಾರ್ಖಾನೆಯ ನಿವೃತ್ತ ಎಂಜಿನಿಯರೊಬ್ಬರು ಎದ್ದು, "ಬೀಳುವಾಗ ವೇಗ ಎಷ್ಟಿತ್ತು ಅಂತ ಹೇಳಬಹುದಾ?" ಎಂದು ಕೇಳಿಬಿಟ್ಟರು. "ವೇಗ ನೋಡೋ ಸ್ಥಿತಿಯಲ್ಲಿ ನಾನಿರಲಿಲ್ಲ," ಎಂದೆ. ಚಪ್ಪಾಳೆಯೋ ಚಪ್ಪಾಳೆ. ಕೊನೆಯ ಸಾಲಿನಲ್ಲಿ ನಯಾಜ್ ಕರ್ಚೀಫನ್ನು ಬಾಯಿಗೆ ತುರುಕಿಕೊಂಡು ಕುರ್ಚಿ ಸಮೇತ ನಡುಗುತ್ತಿದ್ದ.

ಆ ಶಾಲು ನನ್ನನ್ನು ಚುಚ್ಚತೊಡಗಿತು. ಬೀರುವಿನ ಬಾಗಿಲು ತೆಗೆದಾಗಲೆಲ್ಲ ಮಡಚಿಕೊಂಡು ನನ್ನನ್ನೇ ನೋಡುತ್ತಿತ್ತು. ಮತ್ತೊಂದು ಸಲ ಹೋಗೋಣ ಎಂದು ನಾನೇ ನಯಾಜನಿಗೆ ಹೇಳಿದೆ. ಅವನು ಖುಷಿಯಿಂದ ದಿನ ಗೊತ್ತು ಮಾಡಿದ. ಆ ದಿನ ನನಗೆ ನೆಗಡಿ ಬಂತು. ಮತ್ತೊಂದು ದಿನ ಗೊತ್ತು ಮಾಡಿದ, ಆಫೀಸಿನಲ್ಲಿ ಆಡಿಟ್ ಎಂದೆ. ಮೂರನೆಯ ಸಲ ಏನು ನೆಪ ಹೇಳಿದೆನೋ ಮರೆತಿದ್ದೇನೆ. ಅವನು ಒಮ್ಮೆಯೂ ಮುಖ ಸಣ್ಣ ಮಾಡಲಿಲ್ಲ. "ಆಕಾಶ ಎಲ್ಲಿಗೂ ಹೋಗಲ್ಲ, ಮಳೆಗಾಲ ಮುಗೀಲಿ," ಎಂದ.

ಆಕಾಶ ಎಲ್ಲಿಗೂ ಹೋಗಲಿಲ್ಲ. ಆ ಮಳೆಗಾಲದಲ್ಲಿ ನಯಾಜನಿಗೆ ಡೆಂಗೆ ಬಂತು. ಬರೀ ಜ್ವರ ಎಂದು ಮೂರು ದಿನ ಅಂಗಡಿಯಲ್ಲೇ ಕೂತು ಪ್ಯಾಂಟ್ ಗಿಡ್ಡ ಮಾಡಿದ. ಆಮೇಲೆ ಆಸ್ಪತ್ರೆ. ನಾನು ನೋಡಲು ಹೋದಾಗ ಬಾಟಲಿಯ ಟ್ಯೂಬು ಚುಚ್ಚಿದ ಕೈಯನ್ನು ಸ್ವಲ್ಪ ಎತ್ತಿ, "ಒಂದು ಸೊಳ್ಳೆ ಗುರು. ಅದಕ್ಕೂ ರೆಕ್ಕೆ ಇದೆ ನೋಡು," ಎಂದ. ನಾನು ನಕ್ಕೆ, ಅವನು ನಗಲಿ ಎಂದು ಕಾದೆ. ಅವನಿಗೆ ನಿದ್ದೆ ಬಂದಿತ್ತು. ಮರುದಿನವಲ್ಲ, ಅದರ ಮರುದಿನ ಮಧ್ಯಾಹ್ನ ಹೋಗಿಬಿಟ್ಟ.

ಖಬರಸ್ಥಾನದಲ್ಲಿ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅಲ್ಲಿಂದ ಹೊರಬರುವಾಗ ಯಾರೋ ದೂರದ ಪರಿಚಯದವರು ಹತ್ತಿರ ಬಂದು, "ಪ್ಯಾರಾಚೂಟ್ ಬಿಚ್ಚಲಿಲ್ವಂತಾ?" ಎಂದು ಮೆಲ್ಲಗೆ ಕೇಳಿದರು. ನನಗೆ ಎಲ್ಲಿತ್ತೋ ಆ ಕೋಪ. "ಡೆಂಗೆ ರೀ, ಡೆಂಗೆ!" ಎಂದು ಕೂಗಿಬಿಟ್ಟೆ. ಆ ವಾರ ಕಡಿಮೆಯೆಂದರೆ ಹತ್ತು ಜನ ಅದೇ ಪ್ರಶ್ನೆ ಕೇಳಿದರು. ಅವನ ಪ್ಯಾರಾಚೂಟು ಪ್ರತಿ ಸಲವೂ ಬಿಚ್ಚಿತ್ತು, ಹದಿನೆಂಟು ಸಲ. ಅದನ್ನು ಒಬ್ಬೊಬ್ಬರಿಗೂ ಹೇಳುವುದು ನನ್ನ ಡ್ಯೂಟಿ ಆಯಿತು.

ಎರಡು ತಿಂಗಳು ಗಲ್ಲಿಯ ಕಡೆ ಹೋಗಲಾಗಲಿಲ್ಲ. ಕೊನೆಗೊಂದು ದಿನ ಅವನ ಮನೆಗೆ ಹೋದೆ. ಅವನ ಹೆಂಡತಿಯನ್ನು ನಾನು ಭಾಭಿ ಎನ್ನುತ್ತೇನೆ. ಅಂಗಡಿಯ ಯಂತ್ರವನ್ನು ಮನೆಗೆ ತರಿಸಿ, ಕಿಟಕಿಯ ಪಕ್ಕ ಇಟ್ಟುಕೊಂಡು ಅವರೇ ಆಲ್ಟರೇಷನ್ ಮಾಡುತ್ತಿದ್ದರು. ಟೀ ಕೊಟ್ಟರು. ಬಿಸ್ಕತ್ತು ತಂದದ್ದು ನಮ್ಮ ಸ್ಟೀಲ್ ಡಬ್ಬಿಯಲ್ಲಿ. ಆಮೇಲೆ ಒಳಗಿನಿಂದ ನನ್ನ ಜಂಪ್‌ಸೂಟ್ ತಂದು, "ಇದು ನಿಮ್ಮದು ಭಾಯ್‌ಸಾಬ್, ಅವರ ಹತ್ರಾನೇ ಉಳಿದುಬಿಟ್ಟಿತ್ತು," ಎಂದರು.

ಅದನ್ನು ಕೈಗೆ ತೆಗೆದುಕೊಂಡಾಗ ನನಗೆ ತಡೆಯಲಾಗಲಿಲ್ಲ. "ಭಾಭಿ, ನಾನು ಧುಮುಕಲಿಲ್ಲ," ಎಂದೆ. "ನಯಾಜ್ ಎಲ್ಲರಿಗೂ ಹಾಗೆ ಹೇಳಿದ. ನಾನು ವಿಮಾನದಲ್ಲೇ ಇಳಿದು ಬಂದೆ."

ಅವರು ಒಂದು ಕ್ಷಣ ನನ್ನನ್ನು ನೋಡಿದರು. ದುಪ್ಪಟ್ಟಾ ಬಾಯಿಗೆ ಅಡ್ಡ ಹಿಡಿದರು. ಅಳುತ್ತಿದ್ದಾರೆ ಎಂದು ನಾನು ಗಾಬರಿಯಾದೆ. ನಗುತ್ತಿದ್ದರು.

"ನೀವೂನಾ?" ಎಂದರು. "ಅವರು ಎರಡು ಸಲ ಹಂಗೇ ಬಂದಿದ್ರು, ಭಾಯ್‌ಸಾಬ್. ಎರಡು ಸಲ! ಮೊದಲ್ನೇ ಸಲ ಬಂದು ಮೂರು ದಿನ ಊಟ ಮಾಡ್ಲಿಲ್ಲ. ಎರಡನೇ ಸಲ ಬಂದು ಅಂಗಡೀನೇ ತೆಗೀಲಿಲ್ಲ. ಮೂರನೇ ಸಲಕ್ಕೆ ನಾನೇ ಹೇಳ್ದೆ, ಈ ಸಲಾನೂ ವಿಮಾನದಲ್ಲೇ ಬಂದ್ರೆ ಅಲ್ಲೇ ಇರಿ, ಮನೆಗೆ ಬರ್ಬೇಡಿ ಅಂತ."

ನಯಾಜ್ ಇದನ್ನು ನನಗೆ ಹೇಳಿರಲೇ ಇಲ್ಲ. ಬಾಗಿಲಿನಿಂದ ಅಷ್ಟು ಸುಲಭವಾಗಿ ಹೋದವನು! ಹೇಳಿದ್ದರೆ ಮದ್ದೂರಿನಲ್ಲಿ ನನಗೆಷ್ಟು ಸಮಾಧಾನವಾಗುತ್ತಿತ್ತು ಎಂದು ಮೊದಲು ಸಿಟ್ಟು ಬಂತು. ಆಮೇಲೆ ಹೊಳೆಯಿತು. ಅವನು ನನಗೆ ಸಮಾಧಾನ ಹೇಳಲು ನಿಂತಿರಲಿಲ್ಲ, ತನಗೆ ಬಂದ ಆ ಮೂರನೆಯ ಸಲ ನನಗೂ ಬರಲಿ ಎಂದು ಕಾಯುತ್ತಿದ್ದ.

ಭಾಭಿ ಸೂಟನ್ನು ವಾಪಸ್ ತೆಗೆದುಕೊಂಡು ನನ್ನ ಹೊಟ್ಟೆಯ ಕಡೆ ನೋಡಿದರು. "ಈಗ ಹಿಡಿಯಲ್ಲ," ಎಂದು ಸೂಟಿನ ಒಳಮೈ ತಿರುವಿದರು. ಸೊಂಟದ ಎರಡೂ ಬದಿಯಲ್ಲಿ ಎರಡೆರಡು ಇಂಚು ಬಟ್ಟೆ ಮಡಚಿ ಹೊಲಿದಿತ್ತು. "ನೋಡಿ, ಬಿಟ್ಟಿದಾರೆ. ನೀವು ಲೇಟ್ ಮಾಡ್ತೀರ ಅಂತ ಗೊತ್ತಿತ್ತು." ಅಲ್ಲೇ ಕೂತು ಹೊಲಿಗೆ ಬಿಚ್ಚಿ, ಅಗಲ ಮಾಡಿ ಕೊಟ್ಟರು.

ಮನೆಗೆ ಬಂದು ವಿಮಲಾಗೆ ಎಲ್ಲವನ್ನೂ ಹೇಳಿದೆ. ಸೀಟಿನ ಕಾಲು ತಬ್ಬಿಕೊಂಡದ್ದು, ಬೇರೆ ಕೆಲಸ ಇದೆ ಅಂದದ್ದು, ಎಲ್ಲ. ಅವಳು ಬೀರುವಿನ ಕಡೆ ನೋಡಿದಳು.

"ಹಾಗಾದ್ರೆ ಆ ಶಾಲು?"

"ವಾಪಸ್ ಕೊಟ್ಬಿಡ್ಲಾ?"

"ಎಲ್ಲರ ಮುಂದೆ ಹೊದ್ದಾಗಿದೆ, ಈಗ ವಾಪಸ್ ಅಂದ್ರೆ ಏನು ಚೆನ್ನಾಗಿರುತ್ತೆ? ಹೋಗಿ ಧುಮುಕಿ ಬನ್ನಿ. ನಾನೂ ಬರ್ತೀನಿ."

ಹೀಗೆ ಹೋದ ಚಳಿಗಾಲದಲ್ಲಿ, ನಿವೃತ್ತಿಯಾದ ಎರಡನೇ ತಿಂಗಳು, ಮತ್ತೆ ಅದೇ ಕ್ಯಾಂಪಿಗೆ ಹೋದೆ. ಅದೇ ಮಾಸ್ತರರು. ನನ್ನನ್ನು ಗುರುತು ಹಿಡಿದು, ಹತ್ತುವ ಮೊದಲೇ ಪೈಲಟ್ಟಿನ ಸೀಟನ್ನು ತೋರಿಸಿ ಬೆರಳಾಡಿಸಿದರು. ಮೇಲೆ ಬಾಗಿಲು ತೆರೆದಾಗ ಭಯ ಮೊದಲಿನಷ್ಟೇ ಇತ್ತು, ಒಂದು ಚೂರೂ ಕಡಿಮೆಯಾಗಿರಲಿಲ್ಲ. ಅದನ್ನು ನೀವು ತಿಳಿದಿರಲಿ ಎಂದೇ ಹೇಳುತ್ತಿದ್ದೇನೆ. ಆದರೆ ಆ ಬಾಗಿಲಲ್ಲಿ ಎರಡು ಸಲ ಕೂತು ಎರಡು ಸಲವೂ ಹಿಂದಕ್ಕೆ ಸರಿದ ನಯಾಜ್ ಕಣ್ಣಿಗೆ ಕಟ್ಟಿದ. ಅವನೂ ಏನನ್ನಾದರೂ ತಬ್ಬಿಕೊಂಡಿದ್ದಿರಬೇಕು. ಏನನ್ನು ಹಿಡಿದುಕೊಂಡಿದ್ದ, ಯಾವ ಭಾಷೆಯಲ್ಲಿ ಬೇಡ ಅಂದ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮಾಸ್ತರರು ಮುಂದಕ್ಕೆ ವಾಲಿದರು.

ಬಾಳೆಹಣ್ಣು ಮರೆತುಹೋಯಿತು. ಬಾಯಿ ತೆರೆದದ್ದು ಮುಚ್ಚಲಾಗಲಿಲ್ಲ, ಗಾಳಿ ಬಿಡಲಿಲ್ಲ. ಅಯ್ಯಯ್ಯೋ ಎಂದು ಕೂಗಿದ್ದು ನನಗೇ ಕೇಳಿಸಲಿಲ್ಲ. ಆಮೇಲೆ ಮೇಲಿನಿಂದ ಯಾರೋ ಕಾಲರ್ ಹಿಡಿದು ಎತ್ತಿದ ಹಾಗಾಯಿತು, ಪ್ಯಾರಾಚೂಟ್ ಬಿಚ್ಚಿತು, ಎಲ್ಲ ಸದ್ದೂ ಒಮ್ಮೆಗೇ ನಿಂತಿತು. ಅಂಥ ಮೌನ ನಾನು ಕಂಡಿಲ್ಲ. ಕೆಳಗೆ ಕಬ್ಬಿನ ಗದ್ದೆ, ಕೆರೆ, ಒಂದು ಸಣ್ಣ ಟ್ರ್ಯಾಕ್ಟರ್. ನಾನು ಎರಡೂ ಕೈಗಳನ್ನು ಮೆಲ್ಲಗೆ ಚಾಚಿದೆ. ಅವನು ಹೇಳಿದ್ದು ನಿಜ, ಏನೂ ಸಿಗಲಿಲ್ಲ. ಕನ್ನಡಕದೊಳಗೆ ನೀರು ತುಂಬಿ ಕೆರೆ ಎರಡಾಗಿ ಕಂಡಿತು.

ಕಾಲೆತ್ತಿ ಕೂತ ಹಾಗೆ ಇಳಿಯಬೇಕು ಎಂದಿದ್ದರು. ನಾನು ಕೂತೇಬಿಟ್ಟೆ, ಹತ್ತು ಗಜ ಜಾರಿದೆ. ವಿಮಲಾ ಓಡಿ ಬಂದು ನನ್ನನ್ನು ಎಬ್ಬಿಸಿ, ಸುತ್ತ ತಿರುಗಿಸಿ ನೋಡಿ, "ರೀ, ಹಿಂದೆ ಹರಿದುಹೋಗಿದೆ. ನಯಾಜ್ ಭಾಯ್ ಹತ್ರ ಕೊಟ್ಟು..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು. ಪ್ಯಾರಾಚೂಟು ಹುಲ್ಲಿನ ಮೇಲೆ ಉಸಿರಾಡುತ್ತಿತ್ತು.

ಈಗ ನಾನು ಯಾರ ಹತ್ತಿರವೂ ಮುಚ್ಚಿಡುವುದಿಲ್ಲ. ಮೊದಲ ಸಲ ಹೆದರಿ ಇಳಿದು ಬಂದೆ ಎಂದು ಕಾಲೊನಿಯಲ್ಲೂ ಹೇಳಿದ್ದೇನೆ. ಉಳಿದದ್ದು ಗಲ್ಲಿ ಒಂದೇ. ಮಳೆಕೋಟು ಕೊಂಡ ದಿನ ಅಂಗಡಿಯಿಂದ ನೇರ ಅಲ್ಲಿಗೇ ಹೋದೆ. ನಯಾಜನ ಸಂದಿನಲ್ಲಿ ಈಗ ಮೊಬೈಲ್ ಕವರುಗಳು ನೇತಾಡುತ್ತಿವೆ. ಎದುರಿನ ಬೆಂಚಿನ ಮೇಲೆ ಕೂತು, ಟೀ ಲೋಟ ಹಿಡಿದು, ಸೆಲ್ವಂಗೂ ಅಲ್ಲಿದ್ದ ನಾಲ್ಕು ಜನಕ್ಕೂ ಇಡೀ ಕತೆ ಹೇಳಿದೆ. ನಾನು ಧುಮುಕಿದ್ದು ಒಂದೇ ಸಲ, ಹೋದ ಚಳಿಗಾಲದಲ್ಲಿ, ಅದಕ್ಕೂ ಮುಂಚಿನದು ಸುಳ್ಳು ಎಂದೆ.

ಸೆಲ್ವಂ ಟೀ ಎತ್ತಿ ಹೊಯ್ಯುತ್ತಿದ್ದವನು ಕೈ ಇಳಿಸಿದ. ಮುಖ ಗಂಭೀರವಾಯಿತು.

"ಎರಡು ಸಲ ಸಾರ್," ಎಂದ.

"ಒಂದೇ ಕಣಯ್ಯಾ. ಮೊದಲನೇ ಸಲ ನಾನು ವಿಮಾನದಲ್ಲೇ..."

"ಸುಮ್ನಿರಿ ಸಾರ್. ನೀವು ಮೇಲೆ ಹೋದ್ರಿ, ಕೆಳಗೆ ಬಂದ್ರಿ ಅಂತ ನಯಾಜ್ ಭಾಯ್ ಇಲ್ಲೇ ನಿಂತ್ಕೊಂಡು ಹೇಳಿದ್ರು. ಅವರು ಸುಳ್ಳು ಹೇಳೋ ಮನುಷ್ಯ ಅಲ್ಲ. ಅವರಿಲ್ಲ ಅಂತ ಏನೇನೋ ಹೇಳ್ಬೇಡಿ."

ಬಳೆ ಅಂಗಡಿಯವರು ತಲೆಯಾಡಿಸಿದರು. ಬೆಂಚಿನ ಮೇಲಿದ್ದ ಇನ್ನಿಬ್ಬರು ನನ್ನನ್ನು ಸ್ವಲ್ಪ ತಿರಸ್ಕಾರದಿಂದಲೇ ನೋಡಿದರು. ನಾನು ಇನ್ನೊಮ್ಮೆ ಬಾಯಿ ತೆರೆದೆ. ಆ ಗಲ್ಲಿಯಲ್ಲಿ ನನ್ನ ಮಾತಿಗಿಂತ ಅವನ ಮಾತಿಗೆ ಬೆಲೆ ಹೆಚ್ಚು ಎಂಬುದು ಸ್ಪಷ್ಟವಾಗಿತ್ತು, ಅದು ನ್ಯಾಯವೂ ಆಗಿತ್ತು.

"ಆಯ್ತು," ಎಂದೆ. "ಎರಡು ಸಲ."

"ಹಂಗೆ ಹೇಳಿ," ಎಂದ ಸೆಲ್ವಂ, ನನ್ನ ಲೋಟಕ್ಕೆ ಇನ್ನಷ್ಟು ಟೀ ಹಾಕಿದ.